ಮೊದಲ ತಂತಿ ಯಾರಿಗೆ?

ಮಂದೆಯ ಜೊತೆ ಬೇಸಿಗೆಯ ಬೀಡಿಗೆ ಬಂದು ಮೂರು ದಿನವಾಗಿತ್ತು. ಆ ಮೂರು ದಿನದಿಂದಲೂ ಯೊಂದೋನ್ ಮುದುಕ ಅಂಗೈಯಗಲದ ಒಂದು ಡಬ್ಬಿಯ ಜೊತೆ ಜಗಳ ಕಾಯುತ್ತಿದ್ದ. ಹೊರಗೆ ಸೋಲಾರ್ ಹಲಗೆ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಕುಡಿಯುತ್ತಿತ್ತು. ಡೇರೆಯ ಒಳಗೆ ಬ್ಯಾಟರಿ ತೆಪ್ಪಗೆ ಕೂತಿತ್ತು. ಇವೆರಡರ ನಡುವೆ ನಿಂತು ಕರೆಂಟು ಹಂಚಬೇಕಾದ ಕಂಟ್ರೋಲರ್ ಡಬ್ಬಿ ಮಾತ್ರ ಕೆಂಪು ಕಣ್ಣು ಬಿಟ್ಟುಕೊಂಡು, ಟೀವಿಗೆ ಒಂದು ಹನಿಯನ್ನೂ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿತ್ತು.

ಟೀವಿ ಇಲ್ಲದಿದ್ದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಇವತ್ತು ಮೂರು ಗಂಟೆಗೆ ರಾಜಧಾನಿಯಲ್ಲಿ ನಾದಮ್ ಆಟೋಟದ ಹಬ್ಬದ ಬಿಲ್ಲುಗಾರಿಕೆಯ ಕೊನೆಯ ಸುತ್ತು. ಅದರಲ್ಲಿ ಮಗಳು ಉಯಂಗಾ ಇದ್ದಳು. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಅಪ್ಪಾ, ಗೆಲ್ತೀನೋ ಸೋಲ್ತೀನೋ, ನೀನು ನೋಡ್ತಿದೀಯ ಅಂದ್ಕೊಂಡೇ ಬಾಣ ಬಿಡ್ತೀನಿ."

ಸುತ್ತಮುತ್ತ ಇನ್ನೊಂದು ಟೀವಿ ಇದ್ದದ್ದು ದಿಬ್ಬದಾಚೆಯ ಚೋಯ್ಜಿಲನ ಡೇರೆಯಲ್ಲಿ. "ಹೆಂಗಸರ ಗುರಿ ಹತ್ರ ಇಟ್ಟಿರ್ತಾರೆ, ಉಗುಳಿದ್ರೂ ತಾಗುತ್ತೆ" ಅಂತ ಉಣ್ಣೆ ಕತ್ತರಿಸುವಾಗ ನಾಲ್ಕು ಜನರೆದುರು ಹೇಳಿದವನು ಅವನೇ. ಆವತ್ತೇ ಯೊಂದೋನ್ ಆಣೆ ಇಟ್ಟಿದ್ದ, ಇನ್ನು ಸತ್ತರೂ ಆ ಹೊಸ್ತಿಲು ದಾಟುವುದಿಲ್ಲ ಎಂದು.

ಮುದುಕ ಮಾಡದ ಉಪಾಯವಿಲ್ಲ. ಹಲಗೆಯನ್ನು ತೊಳೆದ. ತಂತಿಯನ್ನು ಇಲಿ ಕಡಿದಿದೆಯೇ ಎಂದು ಮಾರುದ್ದಕ್ಕೂ ಬೆರಳಾಡಿಸಿ ನೋಡಿದ. ಫ್ಯೂಸ್ ಬದಲಾಯಿಸಿದ. ತಂತಿಗಳನ್ನೆಲ್ಲ ಕಿತ್ತು, ಇದ್ದ ಹಾಗೆಯೇ ಮತ್ತೆ ಆರು ಸಲ ಕಟ್ಟಿದ. ಡಬ್ಬಿಗೆ ಎರಡು ಏಟು ಹಾಕಿದ. ಆಮೇಲೆ ಹೆದರಿಕೆಯಾಗಿ ಅದರ ಮುಂದೆ ನಾಲ್ಕು ಹನಿ ಹಾಲು ಚಿಮುಕಿಸಿದ. ಹೆಂಡತಿ ದಾರಿಮಾ ಹತ್ತಿರ ಬಂದಾಗಲೆಲ್ಲ ಕೋಳಿಯನ್ನು ಅಟ್ಟಿದ ಹಾಗೆ ಅಟ್ಟಿದ.

"ನೋಡು ಮುದುಕಪ್ಪಾ, ವಸಂತದಲ್ಲಿ ನೀನು ಒಂಟೆ ಹುಡುಕೋಕೆ ಹೋಗಿದ್ದಾಗ ಇದನ್ನ ಕಟ್ಟಿದ್ದು ನಾನು. ಇದನ್ನ ಮಾರಿದ ಅಂಗಡಿಯೋನು ಏನು ಹೇಳಿದ್ದ ಅಂದ್ರೆ..."

"ಅಂಗಡಿಯೋನಿಗೆ ಮೀಸೆ ಬಂದಿದೆಯೇನೇ? ಮೊದಲು ಕಟ್ಟೋ ತಂತಿ ಸೂರ್ಯಂದು, ಹಲಗೇದು. ಹಿರಿಯರಿಗೆ ಮೊದಲ ಬಟ್ಟಲು ಕೊಡಲ್ವಾ? ಆಕಾಶದಲ್ಲಿ ಅವನಿಗಿಂತ ಹಿರಿಯರು ಯಾರಿದಾರೆ?"

ದಾರಿಮಾ ಹೋಗಿ, ಒಣಗಿಸಲು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮೊಸರು ಹಿಂಡಿದಳು. ಬೇಕಾದ್ದಕ್ಕಿಂತ ಜೋರಾಗಿಯೇ ಹಿಂಡಿದಳು.

ಎರಡೂ ಮುಕ್ಕಾಲಿಗೆ ಮೋಟರ್‌ಬೈಕಿನ ಸದ್ದಾಯಿತು. ಬಂದವನು ಚೋಯ್ಜಿಲನೇ. ಬಂದವನು ಶತ್ರುವಾದರೂ ಹುಳಿ ಬರಿಸಿದ ಕುದುರೆ ಹಾಲು ಕೊಡಲೇಬೇಕು. ಒಂದು ದೊಡ್ಡ ಬಟ್ಟಲು ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಅವನು ಡಬ್ಬಿಯ ಕಡೆ ಬಗ್ಗಿ ನೋಡಿದ.

"ಏನಯ್ಯ, ಇದು ಇಪ್ಪತ್ನಾಲ್ಕು ವೋಲ್ಟ್ ಅಂತ ತೋರಿಸ್ತಿದೆ?"

"ನಿಂದೆಷ್ಟು?" ಎಂದ ಯೊಂದೋನ್.

"ಹನ್ನೆರಡು."

"ನೋಡ್ದೆಯಾ? ನಮ್ಮದು ಡಬಲ್!"

"ಹೌದಪ್ಪ, ಕತ್ತಲೆ ಡಬಲ್ಲಾಗೇ ಇದೆ. ಸುಮ್ನೆ ನಮ್ಮನೆಗೆ ಬಾ. ಮಗಳನ್ನ ನೋಡೋದು ಬಿಟ್ಟು ಈ ಡಬ್ಬೀನ ನೋಡ್ತಾ ಕೂರ್ತೀಯಾ?"

ಈ ಮಾತು ನಾಟಿತು. ಯೊಂದೋನ್ ಗಡಿಯಾರ ನೋಡಿದ, ಡಬ್ಬಿ ನೋಡಿದ. ಆಣೆ ಮುರಿದರೆ ಚೋಯ್ಜಿಲ ಚಳಿಗಾಲದವರೆಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ಅವನು ಹಬ್ಬದ ನಿಲುವಂಗಿ ತೊಟ್ಟು, ನಡುಪಟ್ಟಿ ಬಿಗಿದು, ಟೋಪಿ ಕೈಗೆತ್ತಿಕೊಂಡ. ಅದನ್ನು ಹಿಂದುಮುಂದಾಗಿ ತಲೆಗಿಟ್ಟುಕೊಂಡ.

ಅದನ್ನು ಕಂಡು ದಾರಿಮಾಳ ಸಿಟ್ಟೆಲ್ಲ ಇಳಿದುಹೋಯಿತು. "ಹೋಗೋಕೆ ಮುಂಚೆ ಒಂದು ಹೇಳು. ಮೊನ್ನೆ ಈ ಡೇರೆ ಎಬ್ಬಿಸೋವಾಗ ಎಲ್ಲಕ್ಕಿಂತ ಮೊದಲು ಏನಿಟ್ಟೆ?"

"ಒಲೆ. ಇನ್ನೇನು ಇಡ್ತಾರೆ?"

"ಗೋಡೆ ಇಲ್ಲ, ಸೂರಿಲ್ಲ, ಬಟ್ಟಬಯಲಲ್ಲಿ ಒಲೆ ಯಾಕೆ ಇಟ್ಟೆ?"

"ಒಲೆ ಇಲ್ದೆ ಅದು ಮನೆ ಹೇಗಾಗುತ್ತೆ? ನಮ್ಮಪ್ಪ, ಅವರಪ್ಪ..."

"ಸರಿ. ಸೂರ್ಯ ಮನೆಯೋನೋ, ನೆಂಟನೋ?"

ಯೊಂದೋನ್ ಯೋಚಿಸಿದ. "ಬೆಳಿಗ್ಗೆ ಬಂದು ಸಂಜೆ ಹೋಗ್ತಾನೆ. ನೆಂಟನೇ."

"ಒಲೆ ಹೂಡೋಕೆ ಮುಂಚೆ ಅಷ್ಟು ದೊಡ್ಡ ನೆಂಟನನ್ನ ಕರೆದು ಬಯಲಲ್ಲಿ ಕೂರಿಸಿದ್ಯಲ್ಲೋ ಪುಣ್ಯಾತ್ಮ! ಬ್ಯಾಟರಿ ಕಣೋ ಒಲೆ! ಮೊದಲು ಅದು ಸಿಕ್ಕಿದ್ರೆ ಡಬ್ಬಿಗೆ ಇದು ಹನ್ನೆರಡರ ಮನೆ ಅಂತ ಗೊತ್ತಾಗುತ್ತೆ. ಬಿಸಿಲೇ ಮೊದಲು ನುಗ್ಗಿದ್ರೆ ಇಪ್ಪತ್ನಾಲ್ಕರ ಮನೆ ಅಂದ್ಕೊಂಡು, ತುಂಬಿದ ಬ್ಯಾಟರೀನೂ ಖಾಲಿ ಖಾಲಿ ಅಂತ ಬಾಯಿ ಬಡ್ಕೊಳ್ಳುತ್ತೆ. ಅಂಗಡಿಯೋನು ಹೇಳಿದ್ದು ಇದನ್ನೇ."

ಚೋಯ್ಜಿಲ ಖಾಲಿ ಬಟ್ಟಲನ್ನೇ ಇನ್ನೊಮ್ಮೆ ಬಾಯಿಗಿಟ್ಟುಕೊಂಡ.

ಯೊಂದೋನ್ ಟೋಪಿ ಎಸೆದು ಹೊರಗೋಡಿದ. ಹಲಗೆಗೆ ಕಂಬಳಿ ಹೊದಿಸಿ ಬಂದು ತಂತಿಗಳನ್ನೆಲ್ಲ ಕಿತ್ತ. ಮೊದಲು ಬ್ಯಾಟರಿ ಕಟ್ಟಿದ. ಡಬ್ಬಿಯಲ್ಲಿ ಹನ್ನೆರಡು ಮೂಡಿತು. ಆಮೇಲೆ ಹಲಗೆ. ದಾರಿಮಾ ಹೊರಗೆ ಕಂಬಳಿ ತೆಗೆದಳು. ಕೊನೆಗೆ ಟೀವಿ. ಕೆಂಪು ಕಣ್ಣು ಹಸಿರಾಯಿತು.

ಪರದೆ ಬೆಳಗಿದಾಗ ಉಯಂಗಾ ಕೊನೆಯ ಬಾಣ ಹೂಡುತ್ತಿದ್ದಳು. ಎತ್ತುವ ಮುಂಚೆ ಎರಡು ಕಾಲನ್ನೂ ನೆಲಕ್ಕೆ ಒತ್ತಿ ನಿಂತಳು, ಅಪ್ಪ ಹೇಳಿಕೊಟ್ಟ ಹಾಗೆ. ಬಾಣ ತಾಗಿತು. ಗುರಿ ತಾಗಿತೆಂದು ಸಾರಲು ತೀರ್ಪುಗಾರರು ಕೈಯೆತ್ತಿ ರಾಗ ತೆಗೆದು ಹಾಡಿದರು. ಮಗಳು ಮೂರನೆಯವಳಾದಳು. ಯೊಂದೋನ್ ಗಟ್ಟಿಯಾಗಿ ಅತ್ತುಬಿಟ್ಟ, ಅದೂ ಚೋಯ್ಜಿಲನ ಎದುರಿಗೇ.

"ಏನಯ್ಯ, ಉಗುಳಿದ್ರೂ ತಾಗುತ್ತೆ ಅಂದ್ಯಲ್ಲ?" ಎಂದ ಮೂಗು ಒರೆಸಿಕೊಳ್ಳುತ್ತ.

"ದೂರ ಇದೆ ಮಾರಾಯ," ಎಂದ ಚೋಯ್ಜಿಲ ಸಣ್ಣ ದನಿಯಲ್ಲಿ. "ತುಂಬಾ ದೂರ ಇದೆ."

ದಾರಿಮಾ ಉಪ್ಪಿನ ಚಹಾ ಕಾಸಿ, ಎಂದಿನಂತೆ ಮೊದಲ ಬಟ್ಟಲನ್ನು ಗಂಡನ ಮುಂದೆ ಹಿಡಿದಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡ, ಹಾಗೇ ತಿರುಗಿಸಿ ಅವಳಿಗೇ ಚಾಚಿದ.

"ಮೊದಲು ನೀನು ಕುಡಿ."

ನಲವತ್ತೊಂದು ವರ್ಷದ ಸಂಸಾರದಲ್ಲಿ ಹೀಗಾದದ್ದು ಇದೇ ಮೊದಲು. ದಾರಿಮಾ ಬಟ್ಟಲನ್ನೂ ಗಂಡನನ್ನೂ ನೋಡಿದಳು.

"ಯಾಕೋ, ವಿಷ ಗಿಷ ಹಾಕಿದೀನಿ ಅಂತ ಅನುಮಾನಾನಾ?" ಎಂದಳು. ಆದರೆ ಕುಡಿದಳು, ನಿಧಾನವಾಗಿ, ತಳದವರೆಗೂ. ಗಂಡಸರಿಬ್ಬರೂ ಕಾದರು.