ನೂರಾ ಹನ್ನೆರಡನೆಯ ನಿಯಮ

ಡೋರೀನ್ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದಳು. ಎದುರಿಗೆ ಅಪ್ಪನ ತಂಗಿ ವರ್ನಾ ಅತ್ತೆಯೂ ಅದನ್ನೇ ಮಾಡುತ್ತಿದ್ದಳು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಸಿಪ್ಪೆ ಬಿರಿಯುವ ಸದ್ದೊಂದೇ. ಮೇಲೆ, ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಅಪ್ಪ ಆರ್ವಿಲ್ ಮಲಗಿದ್ದ. ಇನ್ನೊಂದು ಗಂಟೆಗೆ ಮಣ್ಣು, ಆಮೇಲೆ ಬಂದವರಿಗೆ ಊಟ.

ಬಾಗಿಲಲ್ಲಿ ತೆಳ್ಳನೆಯ ಗಂಡಸೊಬ್ಬ ಹ್ಯಾಟು ಕೈಯಲ್ಲಿ ಹಿಡಿದು ನಿಂತ.

“ನಾನು ಗ್ಲೆನ್ ಪ್ರಾಥರ್ ಅಂತ. ಸೇನಾ ಶಿಬಿರದ ಕಂಪ್ಯೂಟರ್ ವಿಭಾಗದವನು. ಆರ್ವಿಲ್ ಅವರ ಜೊತೆ ಹನ್ನೊಂದು ವಾರ ಕೂತು ಮಾತಾಡಿದ್ದೆ.”

“ನಮ್ಮ ಆರ್ವಿಲ್ ಮಾತಾಡಿದ್ನಾ?” ವರ್ನಾ ಅತ್ತೆ ನಕ್ಕಳು. “ನೀನು ಬೇರೆ ಯಾರದೋ ಮಣ್ಣಿಗೆ ಬಂದಿದ್ದೀಯ ಕಣಪ್ಪ.”

ಗ್ಲೆನ್ನನಿಗೂ ನಗು ಬಂತು. “ಯುದ್ಧದ ತರಬೇತೀಲಿ ಹೊಸ ಅಧಿಕಾರಿಗಳು ರೇಡಿಯೋದಲ್ಲಿ ಡೀಸೆಲ್ ಕೇಳ್ತಾರೆ, ಲಾರಿ ಕೇಳ್ತಾರೆ. ಆ ಕಡೆ ಸಾಮಾನು ಕಳಿಸೋ ಸಾರ್ಜೆಂಟ್ ಆಗಿ ಕೂರೋಕೆ ಜನ ಸಾಲಲ್ಲ. ಅದಕ್ಕೆ ಸೇನೇಲಿ ಅದೇ ಕೆಲಸ ಮಾಡಿದ್ದ ಇವರ ಬುದ್ಧೀನೆಲ್ಲ ನಿಯಮಗಳಾಗಿ ಬರ್ಕೊಂಡು ಕಂಪ್ಯೂಟರಿಗೆ ಕಲಿಸಿದ್ವಿ. ಈಗ ಥೇಟ್ ಅವರ ಹಾಗೇ ಉತ್ತರ ಕೊಡುತ್ತೆ. ‘ಯಾಕೆ’ ಅನ್ನೋ ಗುಂಡಿ ಒತ್ತಿದ್ರೆ ಕಾರಣಾನೂ ಹೇಳುತ್ತೆ.”

ಡೋರೀನಳ ಕೈ ನಿಂತಿತು. “ಯಾಕೆ ಅಂದ್ರೆ ಹೇಳುತ್ತಾ?”

ಗ್ಲೆನ್ ಆ ನಿಯಮಗಳನ್ನು ಅಚ್ಚು ಹಾಕಿದ್ದ ಕಾಗದದ ದಪ್ಪ ಕಂತೆಯೊಂದನ್ನು ಮೇಜಿನ ಮೇಲಿಟ್ಟ. “ಯಾರು ಏನೇ ಕೇಳಲಿ, ಇವರು ಮೊದಲು ‘ಊಟ ಆಯ್ತಾ?’ ಅನ್ನೋರು. ಅದೊಂದು ನಮ್ಮ ತಲೆಗೆ ಹತ್ತೋಕೆ ಒಂದು ವಾರ ಬೇಕಾಯ್ತು.”

*

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬನ ಜೊತೆ ಮನೆ ಬಿಟ್ಟು ಹೋಗಿದ್ದ ಡೋರೀನ್, ಅವನು ಕೈಕೊಟ್ಟ ಮೇಲೆ ಟಲ್ಸಾದ ಬಸ್ ನಿಲ್ದಾಣದಿಂದ ಫೋನ್ ಮಾಡಿದ್ದಳು.

“ಬಂದು ಕರ್ಕೊಂಡು ಹೋಗಪ್ಪ.”

“ಊಟ ಆಯ್ತಾ?”

“ಆಯ್ತು.” ಎರಡು ದಿನದಿಂದ ಅವಳು ಏನೂ ತಿಂದಿರಲಿಲ್ಲ.

“ಸರಿ,” ಎಂದು ಅಪ್ಪ ಫೋನ್ ಇಟ್ಟ.

ಮನೆಯಿಂದ ಅಲ್ಲಿಗೆ ಐದು ಗಂಟೆಯ ದಾರಿ. ಅವಳು ಮೂರು ಗಂಟೆ ಕಾದಳು. ಬರುವವನಾಗಿದ್ದರೆ ಬರುತ್ತೇನೆ ಅನ್ನುತ್ತಿದ್ದ ಎಂದುಕೊಂಡು ಪಶ್ಚಿಮದ ಬಸ್ ಹತ್ತಿದಳು. ಆಮೇಲೆ ಇಪ್ಪತ್ತೆರಡು ವರ್ಷ ಆ ದಿನದ ಬಗ್ಗೆ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

*

ಕಂತೆಯಲ್ಲಿ ಊಟದ ಪ್ರಶ್ನೆಯ ಬಗ್ಗೆ ಇದ್ದ ನೂರಾ ಹನ್ನೆರಡನೆಯ ನಿಯಮ ಹೀಗಿತ್ತು: ‘ಉಂಡವನು ಏನು ಉಂಡೆ ಎಂದು ಹೇಳಿ ಅಡುಗೆಯವನನ್ನು ಬೈಯುತ್ತಾನೆ. ಬರೀ ಆಯ್ತು ಎಂದರೆ ಊಟ ಆಗಿಲ್ಲ ಎಂದರ್ಥ. ಹೆಚ್ಚು ಕೇಳಬೇಡ. ಲಾರಿಯನ್ನು ಕೂಡಲೇ ಹೊರಡಿಸು. ಬರುತ್ತದೆಂದು ಮಾತು ಕೊಡಬೇಡ. ದಾರಿಯಲ್ಲಿ ಏನಾದರೂ ಆದರೆ ನಂಬಿ ಕೂತವರು ಕೆಡುತ್ತಾರೆ.’

ಡೋರೀನ್ ಎರಡು ಸಲ ಓದಿದಳು.

“ಅತ್ತೆ, ನಾನು ಟಲ್ಸಾದಿಂದ ಫೋನ್ ಮಾಡಿದ ದಿನ ಅಪ್ಪ ಗಾಡಿ ತಗೊಂಡು ಹೋಗಿದ್ನಾ?”

“ನಾನಾಗ ನಮ್ಮೆಜಮಾನರ ಊರಲ್ಲಿದ್ದೆ ಕಣೇ. ಇದ್ದಿದ್ರೂ ಅಷ್ಟೆ, ಎಲ್ಲಿಗೆ ಹೋಗ್ತೀನಿ ಅಂತ ಅವನು ಯಾವತ್ತು ಹೇಳಿದ್ದ?”

ಡೋರೀನ್ ಕೈ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿದಳು. ಪೆಟ್ಟಿಗೆಯ ಮೇಲೆ ಬಗ್ಗಿದಾಗ ಬೆರಳಿಗಂಟಿದ್ದ ಸಿಪ್ಪೆಯ ಚೂರೊಂದು ಅಪ್ಪನ ಕೋಟಿನ ಮೇಲೆ ಬಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ತೆಗೆದಳು.

“ಅವತ್ತು ಬಂದಿದ್ಯಾ, ಹೇಳಪ್ಪ.”