ಎಡದಿಂದ ಮೂರನೆಯವನು

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಡೇಟನ್ ಪಟ್ಟಣದ ಪಶ್ಚಿಮ ಕೇರಿಗೆ ಬೇಸಿಗೆ ಕಾಲಿಟ್ಟದ್ದೂ ‘ಥರ್ಡ್ ಸ್ಟ್ರೀಟ್ ಸಪ್ಪರ್’ ಆಲ್ಬಮ್ ಬಂದದ್ದೂ ಒಟ್ಟಿಗೇ. ತೆರೆದ ಕಿಟಕಿಗಳಿಂದೆಲ್ಲ ಅದೇ ಹಾಡು. ಕಾರು ತೊಳೆಯುವವರು ಅದಕ್ಕೇ ಸೊಂಟ ಕುಣಿಸುತ್ತಿದ್ದರು, ಐಸ್‌ಕ್ರೀಮ್ ಗಾಡಿಯವನು ತನ್ನ ಗಂಟೆ ನಿಲ್ಲಿಸಿ ಅದನ್ನೇ ಹಾಕಿಕೊಂಡು ಬರುತ್ತಿದ್ದ. ಹಾಡಿದವರೆಲ್ಲ ಇದೇ ಕೇರಿಯಲ್ಲಿ ಹುಟ್ಟಿ ಬೆಳೆದವರು, ವುಲ್ಫ್ ಕ್ರೀಕ್ ನೈನ್ ಎಂಬ ತಂಡದ ಒಂಬತ್ತು ಮಂದಿ. ಹಾಗಾಗಿ ಅದು ಬರೀ ಹಾಡಾಗಿರಲಿಲ್ಲ, ಮನೆಯ ಮಕ್ಕಳು ಪರೀಕ್ಷೆ ಪಾಸಾದಂತಹ ಸುದ್ದಿಯಾಗಿತ್ತು.

ಕವರಿನ ಮೇಲೆ ಒಂಬತ್ತೂ ಮಂದಿ ಥರ್ಡ್ ಸ್ಟ್ರೀಟಿನ ಮಾಂಸ ಸುಡುವ ಅಂಗಡಿಯ ಮುಂದೆ ನಿಂತಿದ್ದರು. ಎಡದಿಂದ ಮೂರನೆಯವನು ಕ್ಲೀವನ್ ಮೇಬ್ರಿ. ಉದ್ದನೆಯ ಹಿತ್ತಾಳೆ ತುತ್ತೂರಿ ಟ್ರೊಂಬೋನನ್ನು ನಿದ್ದೆಹೋದ ಮಗುವಿನಂತೆ ಹೆಗಲಿಗೆ ಒರಗಿಸಿಕೊಂಡು ದಪ್ಪ ಮೀಸೆಯಡಿ ಬಾಯ್ತುಂಬ ನಗುತ್ತಿದ್ದ. ಆದರೆ ಒಳಗಿನ ರೆಕಾರ್ಡ್ ತಟ್ಟೆಯಲ್ಲಿ ಅವನ ಉಸಿರಿನ ಒಂದೆಳೆಯೂ ಇರಲಿಲ್ಲ.

ಫೋಟೋ ತೆಗೆದದ್ದು ಹಿಂದಿನ ವರ್ಷ ಎಲೆ ಉದುರುವ ಕಾಲದಲ್ಲಿ. ಜನವರಿಯಲ್ಲಿ, ಇನ್ನೇನು ಷಿಕಾಗೋಗೆ ಹೋಗಿ ರೆಕಾರ್ಡ್ ಮಾಡಬೇಕು ಎನ್ನುವಾಗ, ಕ್ಲೀವನ್ ಹಿಮಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಕಬ್ಬಿಣದ ಕಟಕಟೆಗೆ ಮುಖ ಬಡಿಸಿಕೊಂಡ. ಮೇಲಿನ ಹಲ್ಲುಗಳು ಹೋದವು, ತುಟಿ ಸೀಳಿತು. ಟ್ರೊಂಬೋನ್ ಊದುವವನಿಗೆ ಆ ಹಲ್ಲು ತುಟಿಗಳಿಲ್ಲದಿದ್ದರೆ ಉಸಿರಿದ್ದೂ ಇಲ್ಲದಂತೆ. ತಂಡದ ಯಜಮಾನ ಸ್ಕೀಟ್ ಹಾಸ್ಕಿನ್ಸ್ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತು ಅತ್ತ. “ಸ್ಟುಡಿಯೋದವರು ದಿನ ಮುಂದಕ್ಕೆ ಹಾಕಲ್ಲ ಅಂತಾರೆ ಕಣೋ. ಏನು ಮಾಡ್ಲಿ ಹೇಳು?” ಮಾತಾಡಲಾಗದ ಕ್ಲೀವನ್ ಹೋಗು ಹೋಗು ಎಂದು ಕೈಯಾಡಿಸಿದ. ಲೈಮಾ ಊರಿನಿಂದ ವೆಂಡೆಲ್ ಗೇದರ್ ಎಂಬವನನ್ನು ಅವನ ಜಾಗಕ್ಕೆ ಅವಸರದಲ್ಲಿ ಕರೆಸಿಕೊಂಡರು. ಕಂಪನಿಯವರು ಇನ್ನೊಂದು ಫೋಟೋ ತೆಗೆಸುವ ಗೋಜಿಗೆ ಹೋಗಲಿಲ್ಲ. ತುತ್ತು ಬಾಯಿಯ ತನಕ ಬಂದು ಜಾರಿಹೋಗುವುದೆಂದರೆ ಇದೇ ಎಂದು ಕ್ಲೀವನ್ ಒಬ್ಬನೇ ಕೂತಾಗ ಅಂದುಕೊಳ್ಳುತ್ತಿದ್ದ. ಕಟ್ಟಿಸಿದ ಹಲ್ಲು ಹಾಕಿಕೊಂಡು ಒಮ್ಮೆ ಊದಿ ನೋಡಿದ. ಕರು ತಾಯಿಯನ್ನು ಕರೆದಂತಾಯಿತು. ಪೆಟ್ಟಿಗೆ ಮುಚ್ಚಿ ಮಂಚದಡಿ ತಳ್ಳಿದ. ಫ್ರಿಜ್ಜು ತಯಾರಿಸುವ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಕೆಲಸಕ್ಕೆ ಸೇರಿಕೊಂಡ.

ಆಮೇಲೆ ಆಲ್ಬಮ್ ಬಂತು. ಹಲ್ಲು ಹೋಗುವ ಮುಂಚೆಯೇ ಅವನು ಊದಿ ಮುಗಿಸಿದ್ದ ಎಂದೇ ಕೇರಿ ನಂಬಿತ್ತು. ಕ್ಷೌರದ ಅಂಗಡಿಗೆ ಕಾಲಿಟ್ಟರೆ ಮಿಸ್ಟರ್ ಪರ್ನೆಲ್ ಕತ್ತರಿ ಎತ್ತಿ ಕೂಗುತ್ತಿದ್ದರು: “ಎದ್ದೇಳ್ರೋ, ಕುರ್ಚಿ ಬಿಡ್ರೋ, ನಮ್ಮ ದೊರೆ ಬಂದ!”

“ಮಿಸ್ಟರ್ ಪರ್ನೆಲ್, ಅದರಲ್ಲಿ ಊದಿರೋದು ನಾನಲ್ಲ ಅಂತ ಎಷ್ಟು ಸಲ ಹೇಳ್ಲಿ?”

“ಹೌದೇನೋ? ಹಾಗಾದ್ರೆ ಫೋಟೋದಲ್ಲಿ ನಿಂತಿರೋದು ನಿಮ್ಮಜ್ಜನಾ?”

ಅಂಗಡಿಯೆಲ್ಲ ನಕ್ಕಿತು. “ಬೇರೆಯವನಾಗಿದ್ರೆ ಇಂಥ ಹೆಸರನ್ನ ಹೆಗಲ ಮೇಲೆ ಹೊತ್ಕೊಂಡು ಮೆರೆಯೋನು. ಇವನು ನೋಡಿ, ನಾನಲ್ಲ ಅಂತಾನೆ. ತಾಯಿ ಬೆಳೆಸಿದ ರೀತಿ ಅದು,” ಎಂದರು ಪರ್ನೆಲ್. ನಿಜ ಹೇಳಿದಷ್ಟೂ ಅವನ ವಿನಯದ ಕೀರ್ತಿಯೇ ಬೆಳೆಯಿತು. ಷಿಕಾಗೋದ ಪತ್ರಿಕೆಯೊಂದು ಆಲ್ಬಮ್ಮನ್ನು ಹಾಡಿಹೊಗಳಿ, ಆ ಟ್ರೊಂಬೋನ್ ನಗುತ್ತಲೇ ಅಳುವ ಗಂಡಸಿನ ಹಾಗಿದೆ ಎಂದು ಬರೆದು, ಫೋಟೋದ ಕೆಳಗೆ ಕ್ಲೀವನ್ನನ ಹೆಸರು ಹಾಕಿತು. ಪರ್ನೆಲ್ ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದರು. ಇತ್ತ ಪಾದ್ರಿಗಳು ಭಾನುವಾರ ಎದ್ದುನಿಂತು, ದೇವರು ಕೊಟ್ಟ ಉಸಿರನ್ನು ಸೊಂಟ ಕುಣಿಸಲು ಸುರಿಯುವವರಿದ್ದಾರೆ ಎಂದು ಅವನತ್ತಲೇ ನೋಡಿದರು. ಮಾಡದ ಪುಣ್ಯಕ್ಕೆ ಹೊಗಳಿಕೆ, ಮಾಡದ ಪಾಪಕ್ಕೆ ಬೈಗುಳ. ಎರಡಕ್ಕೂ ಕ್ಲೀವನ್ ತಲೆ ತಗ್ಗಿಸಿದ.

ತಾನಾಗಿ ಅವನು ಆ ಆಲ್ಬಮ್ಮನ್ನು ಕೇಳಿರಲೇ ಇಲ್ಲ. ದಾರಿಯಲ್ಲಿ ಕಿವಿಗೆ ಬಿದ್ದರೆ ಬಿರಬಿರನೆ ಹೆಜ್ಜೆ ಹಾಕುತ್ತಿದ್ದ. ಒಂದು ಮಧ್ಯಾಹ್ನ ಕೆಳಮನೆಯ ಒಡತಿ, ಗಂಡ ತೀರಿಹೋದ, ಕೇರಿಯವರು ಮರ್ಯಾದೆಗೆ ಮಿಸ್ ಎನ್ನುತ್ತಿದ್ದ ಹ್ಯಾಟಿ, ಮೆಟ್ಟಿಲಲ್ಲೇ ಅವನನ್ನು ಹಿಡಿದಳು. “ಬಾ ಮಗ, ಪೀಚ್ ಹಣ್ಣಿನ ಸಿಹಿ ಮಾಡಿದ್ದೀನಿ. ನಿನ್ನ ರೆಕಾರ್ಡೂ ತಂದಿದ್ದೀನಿ, ಕೂತು ಕೇಳೋಣ.”

ಮೂರನೆಯ ಹಾಡಿನಲ್ಲಿ ಅವನ ರಾಗ ಬಂತು. ಸ್ಕೀಟನ ಗ್ಯಾರೇಜಿನಲ್ಲಿ ಚಳಿಗೆ ಕೈಯುಜ್ಜುತ್ತ ಅವನೇ ಕಟ್ಟಿದ ರಾಗ. ತಾನು ಸರಸರ ಮೇಲಕ್ಕೇರುತ್ತಿದ್ದ ಜಾಗದಲ್ಲಿ ಈ ಅಪರಿಚಿತ ಏರಲಿಲ್ಲ. ಕೆಳಗಿನ ಒಂದೇ ಸ್ವರದ ಮೇಲೆ ನಿಂತುಬಿಟ್ಟ. ಡ್ರಮ್ಮು, ಗಿಟಾರು ಎಲ್ಲ ಹಿಂತಿರುಗಿ ಅವನ ಮುಖ ನೋಡುತ್ತ ಕಾದಂತಿತ್ತು. ಆಮೇಲೆ ಏರಿದ. ಕ್ಲೀವನ್ನನ ಕೈಯಲ್ಲಿ ಚಮಚ ಹಾಗೇ ನಿಂತಿತು. ಇದು ತನ್ನದಕ್ಕಿಂತ ಚೆನ್ನಾಗಿದೆ ಎಂಬುದು ಅವನಿಗೆ ಎದೆಯೊಳಗೆ ಗೊತ್ತಾಯಿತು.

ಮಿಸ್ ಹ್ಯಾಟಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ಇಲ್ಲಿ ನೀನು ನಿಲ್ತೀಯಲ್ಲ, ನಮ್ಮ ಯಜಮಾನ್ರು ಬಾಗಿಲಲ್ಲಿ ಹಾಗೇ ನಿಲ್ಲೋರು. ಏನೋ ಹೇಳ್ಬೇಕು, ಹೇಳೋಕಾಗಲ್ಲ. ನಿನಗೆ ಹೇಗೋ ಗೊತ್ತಾಯ್ತು ಅದು?”

ಅವಳಿಗೆ ಮಾತ್ರ ಅವನು ನಾನಲ್ಲ ಎನ್ನಲಿಲ್ಲ. ಸಿಹಿ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು ಮೇಲಿನ ತನ್ನ ಕೋಣೆಗೆ ಹೋದ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ತಂಡ ಊರಿಗೆ ಬಂದು ಪಾರ್ಕಿನಲ್ಲಿ ಹಾಡಲಿತ್ತು. ಸ್ಕೀಟ್ ಫೋನು ಮಾಡಿ ಬರಲೇಬೇಕೆಂದ. ಕ್ಲೀವನ್ ವೇದಿಕೆಯ ಹಿಂದಿನ ಗೇಟಿಗೆ ಬರುವಷ್ಟರಲ್ಲಿ ಜನ ಮುತ್ತಿದರು. ಸಹಿಗಾಗಿ ಕವರುಗಳು ಮೂಗಿನ ತನಕ ಬಂದವು. ಗೇಟು ಕಾಯುವವನು ಅವನಿಗೆ ಸಲಾಮು ಹೊಡೆದು ದಾರಿ ಬಿಟ್ಟ. ಪಕ್ಕದಲ್ಲಿ ನಲವತ್ತು ದಾಟಿದ, ದಪ್ಪ ಕನ್ನಡಕದ ಕುಳ್ಳ ಮನುಷ್ಯನೊಬ್ಬ ಪೆಟ್ಟಿಗೆ ಹಿಡಿದು ಬೆವರುತ್ತ ಕಾವಲಿನವನೊಡನೆ ವಾದಿಸುತ್ತಿದ್ದ.

“ಹೇಳ್ತಾ ಇದ್ದೀನಲ್ಲ, ತಂಡದವನು ನಾನು.”

“ಬೆಳಗ್ಗಿಂದ ಹೀಗಂದೋರು ಎಷ್ಟೋ ಜನ ಬಂದ್ರು. ಆಚೆ ನಿಲ್ಲಣ್ಣ.”

ಪೆಟ್ಟಿಗೆಯ ಉದ್ದ ನೋಡಿಯೇ ಇವನೇ ವೆಂಡೆಲ್ ಎಂದು ಕ್ಲೀವನ್ನನಿಗೆ ಅರ್ಥವಾಯಿತು. “ಅವರನ್ನ ಬಿಡಪ್ಪ,” ಎಂದ. “ಆ ಟ್ರೊಂಬೋನ್ ಊದಿದೋರು ಅವರೇ.”

ಸುತ್ತಲಿದ್ದವರು ನಕ್ಕರು. ಆದರೂ ಗೇಟು ತೆರೆಯಿತು.

ಇಬ್ಬರೂ ಬಸ್ಸಿನ ನೆರಳಲ್ಲಿ ಕೂತರು. ಯಾರೋ ಕರಿದ ಮೀನಿನ ಸ್ಯಾಂಡ್‌ವಿಚ್ ತಂದುಕೊಟ್ಟರು. ವೆಂಡೆಲ್ ಕನ್ನಡಕ ಒರೆಸಿಕೊಂಡು ಅವನ ಮುಖ ನೋಡಿದ. “ಎಲ್ಲಿಗೆ ಹೋದ್ರೂ ನಿಮ್ಮನ್ನೇ ಕೇಳ್ತಾರೆ. ಮೀಸೆಯವನೆಲ್ಲಿ, ಈ ಕನ್ನಡಕದೋನು ಯಾರು ಅಂತ. ನನ್ನ ಹೆಂಡ್ತಿ ಕವರ್ ತೋರ್ಸಿ ‘ನೀವೆಲ್ಲಿ?’ ಅಂದ್ಲು. ಕ್ಯಾಮೆರಾ ಹಿಂದೆ ಇದ್ದೆ ಅಂದೆ.”

ಕ್ಲೀವನ್ ನಕ್ಕ. ಬಿದ್ದ ದಿನದಿಂದ ಹಾಗೆ ನಕ್ಕಿರಲಿಲ್ಲ. ನಂತರ ಬೇಸಿಗೆಯುದ್ದಕ್ಕೂ ಕೊರೆಯುತ್ತಿದ್ದುದನ್ನು ಕೇಳಿದ: “ಮೂರನೇ ಹಾಡಲ್ಲಿ ಕೆಳಗೇ ನಿಂತ್ಬಿಟ್ರಲ್ಲ, ಅದು ಹೇಗೆ ಹೊಳೀತು?”

ವೆಂಡೆಲ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಹೊಳೆಯೋದೆಲ್ಲಿ ಬಂತು ಮಾರಾಯ. ಮುಂದಿಂದು ಮರೆತೇಹೋಯ್ತು. ಟೇಪು ಓಡ್ತಾ ಇದೆ. ನೆನಪಾಗೋವರೆಗೆ ಅಲ್ಲೇ ನೇತಾಡ್ದೆ.” ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಕ್ಲೀವನ್ ಕಟ್ಟಿಸಿದ ಹಲ್ಲು ಬೀಳದಂತೆ ಬಾಯಿಗೆ ಕೈ ಅಡ್ಡ ಹಿಡಿದ. ನಗು ಇಳಿದ ಮೇಲೆ ವೆಂಡೆಲ್ ಕೇಳಿದ: “ಇನ್ನು ಊದೋಕೆ ಆಗೋದೇ ಇಲ್ವಾ?”

“ಇಲ್ಲ.”

ವೆಂಡೆಲ್ ತನ್ನ ಸ್ಯಾಂಡ್‌ವಿಚ್ಚಿನ ಉಳಿದರ್ಧವನ್ನು ಅವನತ್ತ ಸರಿಸಿ ವೇದಿಕೆಗೆ ಹೋದ. ಕ್ಲೀವನ್ ಬಸ್ಸಿಗೊರಗಿ ಕೊನೆಯ ಹಾಡಿನ ತನಕ ಕೇಳಿದ. ಮುಗಿದೊಡನೆ ತಂಡ ಕ್ಲೀವ್‌ಲ್ಯಾಂಡಿಗೆ ಹೊರಟಿತು. ಜನ ಬುಟ್ಟಿ ಕಂಬಳಿ ಮಡಿಚಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ಅವನು ಕೋಣೆಗೆ ಹೋಗುವ ಮನಸ್ಸಾಗದೆ, ಪಾರ್ಕಿನ ಕೆಲಸಗಾರರ ಜೊತೆ ಕುರ್ಚಿ ಮಡಿಚುತ್ತ ನಿಂತ.

ಮರುವರ್ಷ ಎರಡನೆಯ ಆಲ್ಬಮ್ ಬಂತು. ಕವರಿನ ಮೇಲೆ ವೆಂಡೆಲ್ ಕನ್ನಡಕ ಹಾಕಿಕೊಂಡು ಗಂಭೀರವಾಗಿ ನಿಂತಿದ್ದ. ಪರ್ನೆಲ್ ಕನ್ನಡಿಗೆ ಹೊಸ ಚಿತ್ರ ಅಂಟಿಸಿದರು. “ತಂಡ ಬಿಟ್ಟುಬಿಟ್ಯೇನೋ?” ಎಂದು ಒಮ್ಮೆ ಕೇಳಿದರು.

“ಹೂಂ.”

“ಛೆ,” ಎಂದು ಅವರು ಬೇರೆ ಮಾತೆತ್ತಿದರು.

ಇನ್ನು ನಿಶ್ಚಿಂತೆ ಎಂದುಕೊಂಡಿದ್ದ ಕ್ಲೀವನ್. ದಾರಿಯಲ್ಲಿ ಯಾರೂ ತಡೆಯಲಿಲ್ಲ, ಯಾರೂ ಬೆರಳು ಮಾಡಿ ತೋರಿಸಲಿಲ್ಲ. ಚಳಿಗಾಲದ ಹೊತ್ತಿಗೆ, ಅಂಗಡಿಯ ಬೆಂಚಿನ ಮೇಲೆ ಎಲ್ಲರ ನಡುವೆ ತನ್ನ ಸರದಿಗೆ ಕಾಯುತ್ತ ಕೂತಾಗ, ‘ನಮ್ಮ ದೊರೆ ಬಂದ’ ಎಂಬ ಆ ಸುಳ್ಳು ಕೂಗಿಗಾಗಿ ತನ್ನ ಕಿವಿ ಹಂಬಲಿಸುತ್ತಿರುವುದು ಅವನಿಗೆ ತಿಳಿಯಿತು. ಪರ್ನೆಲ್ ಕುರ್ಚಿಯ ಮೇಲಿನ ಕೂದಲು ಕೊಡವಿ, ಯಾರ ಮುಖವನ್ನೂ ನೋಡದೆ, “ಮುಂದಿನೋರು ಬನ್ನಿ,” ಎಂದರು. ಕ್ಲೀವನ್ ಎದ್ದು ಹೋಗಿ ಕೂತ.