ರಷ್ಯಾದ ಆಯಮ್ಮ

ಚನ್ನರಾಯಪ್ಪ ಚಟ್ಟದ ಬಿದಿರಿಗೆ ಕೊನೆಯ ಹಗ್ಗ ಬಿಗಿಯುತ್ತಿದ್ದಾಗ ದೊಡ್ಡಮುನಿಯಮ್ಮ ಹೆಣದ ಪಕ್ಕದಲ್ಲಿದ್ದ ಪುಸ್ತಕವನ್ನು ಎತ್ತಿಕೊಂಡಳು. ಅದನ್ನು ಅಲ್ಲಿಟ್ಟವಳು ಸತ್ತವನ ಹೆಂಡತಿ ಅಶ್ವತ್ಥಮ್ಮ. ಸತ್ತವರು ಇಷ್ಟಪಟ್ಟದ್ದನ್ನು ಅವರ ಜೊತೆಯಲ್ಲೇ ಮಣ್ಣು ಮಾಡುವುದು ಆ ಮನೆತನದ ರೂಢಿ. ಒಬ್ಬರಿಗೆ ನಶ್ಯದ ಡಬ್ಬಿ, ಇನ್ನೊಬ್ಬರಿಗೆ ಎಲೆಅಡಿಕೆ ಚೀಲ. ಮುನಿರಾಮಪ್ಪನಿಗೆ ಹೆಂಡತಿಗಿಂತ ಆ ಪುಸ್ತಕವೇ ಹೆಚ್ಚು ಎಂದು ಹುತ್ತೂರಿಗೆಲ್ಲ ಗೊತ್ತಿತ್ತು. ಅಶ್ವತ್ಥಮ್ಮನಿಗೂ ಗೊತ್ತಿತ್ತು.

"ಅದನ್ನ ಅಲ್ಲಿಡಕ್ಕಾ. ಹೊತ್ತು ಮುಳುಗೋಕೆ ಮುಂಚೆ ಮಣ್ಣಾಗ್ಬೇಕು," ಎಂದ ಚನ್ನರಾಯಪ್ಪ.

"ಓದಿಸ್ಕೊಂಡು ಇಡ್ತೀನಿ. ಆಯಮ್ಮ ಏನಾದ್ಲು ಅಂತ ತಿಳೀದೆ ಇದನ್ನ ಮಣ್ಣಿಗೆ ಕೊಡಲ್ಲ."

ಹೆಣ ಕಾಯಿಸಿ ಕತೆ ಕೇಳುವುದನ್ನು ಊರು ಅದುವರೆಗೆ ಕಂಡಿರಲಿಲ್ಲ. ಗಂಡಸರು ಗೊಣಗಿದರು. ಆದರೆ ಹೆಂಗಸರೆಲ್ಲ ದೊಡ್ಡಮುನಿಯಮ್ಮನ ಬೆನ್ನಿಗೇ ಕೂತುಬಿಟ್ಟರು. ಅಲ್ಲಿ ಓದು ಬರುತ್ತಿದ್ದವರು ಸ್ಕೂಲು ಮೇಷ್ಟ್ರು ಕೋದಂಡರಾಮಪ್ಪ ಒಬ್ಬರೇ. ಪುಸ್ತಕ ಅವರ ಕೈಗೆ ಬಂತು.

*

ಎರಡು ವರ್ಷದ ಹಿಂದೆ, ಅಂದರೆ ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಮುನಿರಾಮಪ್ಪನಿಗೆ ಆ ಪುಸ್ತಕ ಕೋಲಾರದ ಸಂತೆಯಲ್ಲಿ ಪೊಟ್ಟಣ ಕಟ್ಟುವ ರದ್ದಿಯ ನಡುವೆ ಸಿಕ್ಕಿತ್ತು. ರೇಷ್ಮೆಗೂಡು ಮಾರಲು ಹೋದವನು ಹೆಂಡತಿ ಹೇಳಿದ್ದ ಮೆಣಸಿನಕಾಯಿ ಮರೆತು ಅದನ್ನು ತಂದಿದ್ದ. ರಟ್ಟು ಹರಿದುಹೋಗಿತ್ತು. ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು, ಒಂದೂ ತಿಳಿಯುವಂತಿರಲಿಲ್ಲ. ಕತೆ ಮಾತ್ರ ರಷ್ಯಾದ್ದು. ಜಮೀನ್ದಾರನ ಪಾರುಪತ್ಯಗಾರನ ಮೇಲೆ ಕೈಮಾಡಿದ ಮಗನನ್ನು ದೂರದ ಹಿಮದ ಸೀಮೆಯ ಜೈಲಿಗೆ ಒಯ್ಯುತ್ತಾರೆ. ತಾಯಿ ಹಳ್ಳಿಯಲ್ಲಿ ಕಾಯುತ್ತಾಳೆ.

ಹುಳುಮನೆಯಲ್ಲಿ ಹೆಂಗಸರು ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಅವನು ಬಾಗಿಲಲ್ಲಿ ಕೂತು ಓದುತ್ತಿದ್ದ. ಕೆಲಸಗಳ್ಳ ಎಂದು ಬೈಯುತ್ತಿದ್ದ ಅಶ್ವತ್ಥಮ್ಮನೂ ಕತೆಯ ರುಚಿ ಹತ್ತಿದ ಮೇಲೆ ಸುಮ್ಮನಾದಳು. ಆ ದೇಶದ ಹೆಸರುಗಳು ಯಾರ ನಾಲಿಗೆಯಲ್ಲೂ ಹೊರಳಲಿಲ್ಲ, ಹಾಗಾಗಿ ತಾಯಿ ಬರೀ 'ಆಯಮ್ಮ' ಆದಳು. ಮುದ್ದೆಯಿಲ್ಲದೆ ಅಂಥ ಚಳಿಯನ್ನು ಹೇಗೆ ತಡೀತಾಳೋ ಎಂದು ಕೊಂಡಮ್ಮ ಮರುಗಿದಳು. ತೀರ್ಪು ಕೊಟ್ಟ ಜಡ್ಜಿಗೆ ಎಲ್ಲರೂ ಸೇರಿ ಮಣ್ಣು ತೂರಿ ಶಾಪ ಹಾಕಿದರು. ಒಂದು ಪುಸ್ತಕವನ್ನು ಮೆಚ್ಚುವುದೆಂದರೆ ಇದಕ್ಕಿಂತ ಹೆಚ್ಚಿನದೇನೂ ಇರಲಾರದು.

ದೊಡ್ಡಮುನಿಯಮ್ಮ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅವಳ ಒಬ್ಬನೇ ಮಗ ಆವಲಪ್ಪ ಪಲ್ಟನ್ನು ಸೇರಿ ಮಲಯಾಕ್ಕೆ ಹೋಗಿದ್ದ. ಆ ಸೀಮೆ ಜಪಾನಿನವರ ಕೈಗೆ ಹೋದಮೇಲೆ ಅವನಿಂದ ಒಂದು ಕಾಗದವೂ ಇಲ್ಲ. ಆಯಮ್ಮ ಕಾಯುತ್ತಿರುವವರೆಗೆ ತಾನೂ ಕಾಯಬಹುದು ಎಂದು ಅವಳ ಮನಸ್ಸಿಗೆ ಹೇಗೋ ಬಂದುಬಿಟ್ಟಿತ್ತು.

*

ಮುನಿರಾಮಪ್ಪ ಮೂಲೆ ಮಡಿಸಿ ಗುರುತಿಟ್ಟಿದ್ದ ಪುಟವನ್ನು ಮೇಷ್ಟ್ರು ತೆರೆದು ಮನಸ್ಸಿನಲ್ಲೇ ಓದಿಕೊಂಡರು. ಪುಸ್ತಕ ಅರ್ಧವೂ ಆಗಿರಲಿಲ್ಲ, ತಾಯಿ ಅಲ್ಲೇ ಸತ್ತಿದ್ದಳು. ಮುಂದಿನ ಹಾಳೆಗಳನ್ನು ತಿರುವಿದರು. ಎಲ್ಲೂ ಅವಳಿಲ್ಲ. ಎಲ್ಲಿಯವರೆಗೆ ಕೇಳಿದ್ದೀರಿ ಎಂದು ವಿಚಾರಿಸಿದರೆ, ಆಯಮ್ಮ ಹೋದ ವಾರ ಹಸು ಕೊಂಡಳು, ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು ಎಂದು ಹೆಂಗಸರು ಹೇಳಿದರು. ಮುನಿರಾಮಪ್ಪ ಎರಡು ವರ್ಷದಿಂದ ಏನು ಮಾಡುತ್ತಿದ್ದ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ದೊಡ್ಡಮುನಿಯಮ್ಮನ ಮುಖವನ್ನೊಮ್ಮೆ ನೋಡಿ, ಪುಟದ ಮೇಲೆ ಬೆರಳಿಟ್ಟು ಓದತೊಡಗಿದರು. ಆಯಮ್ಮ ಬೆಳಗ್ಗೆ ಎದ್ದಳು, ಹಸುವಿಗೆ ಹುಲ್ಲು ಹಾಕಿದಳು, ದಾರಿ ನೋಡಿದಳು.

"ಬುಡಿ ಮೇಷ್ಟ್ರೇ," ಎಂದಳು ದೊಡ್ಡಮುನಿಯಮ್ಮ. "ಅವನೂ ಹಿಂಗೇ ಓದ್ತಿದ್ದ. ಆ ಐಸಿನಾಗೆ ಅವರೆಕಾಯಿ ಬಿಡ್ತದಾ? ಅಷ್ಟೂ ತಿಳೀದೋಳಾ ನಾನು?"

ಅಶ್ವತ್ಥಮ್ಮ ತಲೆಯೆತ್ತಿದಳು. "ಗೊತ್ತಿದ್ದೂ ದಿನಾ ಬಂದು ಕೇಳ್ತಿದ್ಯೇನಕ್ಕಾ?"

"ನನಗೋಸ್ಕರ ಅಷ್ಟು ಕಷ್ಟಪಟ್ಟು ಕತೆ ಕಟ್ತಿದ್ದ. ಬ್ಯಾಡ ಅನ್ನಕ್ಕಾಗ್ಲಿಲ್ಲ. ನೀವು ಇದ್ದಿದ್ದಂಗೆ ಓದಿ ಮೇಷ್ಟ್ರೇ."

ಅವರು ಓದಿದರು. ಅರ್ಧ ಪುಟವಷ್ಟೇ ಇತ್ತು. ಮೊದಲನೇ ಚಳಿಗಾಲದಲ್ಲೇ ಆಯಮ್ಮ ಆರಿದ ಒಲೆಯ ಪಕ್ಕದಲ್ಲಿ ಸತ್ತುಬಿದ್ದಿದ್ದಳು. ಆ ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವರು ಯಾರೋ ಮಣ್ಣು ಮಾಡಿದರು. ಅವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ, ಮಗನಿಗೆ ಸುದ್ದಿಯೂ ಹೋಗಲಿಲ್ಲ. ದೊಡ್ಡಮುನಿಯಮ್ಮ ಪುಸ್ತಕ ಇಸಿದುಕೊಂಡು, ಸೆರಗಿನಿಂದ ಒರೆಸಿ, ತಾನೇ ಮುನಿರಾಮಪ್ಪನ ಕೈಯಡಿಯಲ್ಲಿ ಇಟ್ಟಳು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು.

ಹೆಣ ಬೀದಿ ದಾಟಿದ ಮೇಲೆ ಹೆಂಗಸರು ಬಾವಿಗೆ ಹೋಗಿ, ಒಂದು ಸಾವಿಗೆ ಒಂದು ಬಿಂದಿಗೆಯೆಂಬ ವಾಡಿಕೆಯಂತೆ ತಲೆಗೆ ಒಂದೊಂದು ಬಿಂದಿಗೆ ನೀರು ಸುರಿದುಕೊಂಡರು. ಸುರಿದುಕೊಂಡ ದೊಡ್ಡಮುನಿಯಮ್ಮ ಮತ್ತೆ ಬಿಂದಿಗೆ ಇಳಿಸಿ ಎರಡನೆಯದನ್ನು ಸೇದಿದಳು. ಅದು ಮಗ ಆವಲಪ್ಪನಿಗೇನೋ ಎಂದು ಕೊಂಡಮ್ಮ ಹೆದರಿದಳು. ಅವನ ಹೆಸರೆತ್ತದೆ ಹತ್ತಿರ ಬಂದಳು.

"ಇದು ಯಾರಿಗಕ್ಕಾ?" ಎಂದಳು.

"ನನ್ನ ಮಗ ಬರ್ತಾನೆ. ಇದು ಆಯಮ್ಮಂಗೆ," ಎಂದಳು ದೊಡ್ಡಮುನಿಯಮ್ಮ. "ಅವಳ ಮಗ ಜೈಲಲ್ಲವ್ನೆ. ಅವಳು ಸತ್ತಿದ್ದಕ್ಕೆ ಮೈಮೇಲೆ ನೀರು ಹಾಕ್ಕೊಳ್ಳೋರು ಅಲ್ಲಿ ಯಾರವ್ರೆ?"

ಬಿಂದಿಗೆಯನ್ನು ಎತ್ತಿ ನೆತ್ತಿಯ ಮೇಲೆ ಬೋರಲು ಹಾಕಿದಳು. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಶ್ವತ್ಥಮ್ಮ ಹಗ್ಗಕ್ಕೆ ಕೈಚಾಚಿದ್ದಳು. ಅವಳ ಹಿಂದೆ ಒದ್ದೆ ಸೀರೆಯ ಹೆಂಗಸರು ಮತ್ತೆ ಸಾಲಾಗಿ ನಿಂತರು.